ನಗುವವರಿಲ್ಲದ ರೂಮು

ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಬಳಗದ ಹುಡುಗಿ ಫೋನ್ ಮಾಡಿದ್ದಳು. "ಸರ್, ನಿಮ್ಮ ಬ್ಯಾಚಿನಲ್ಲಿ ಯಾರೋ ಯೂಟ್ಯೂಬ್ ಚಾನೆಲ್ ಮಾಡಿದ್ದರಂತೆ ಅಲ್ವಾ?" ಎಂದು ಕೇಳಿದಳು. ಮಾಡಿದವನು ನನ್ನ ರೂಮ್‌ಮೇಟ್. ಫೋನ್ ಹಿಡಿದು ನಿಂತವನು ನಾನು. ಬರೆಯುವುದಾದರೆ ಹೆಸರು ಹಾಕಬಾರದು ಎಂದು ಅವನ ಷರತ್ತು. ಪರವಾಗಿಲ್ಲ, ಆಗಲೂ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಾರ್ಕಳದಿಂದ ಬಂದವನು, ಹಾಗಾಗಿ ಎಲ್ಲರಿಗೂ ಅವನು 'ಕಾರ್ಕಳ'.

ನಮ್ಮದು 2014ರಿಂದ 2017ರವರೆಗಿನ ಬಿ.ಕಾಂ. ಬ್ಯಾಚು. ಕಾರ್ಕಳ ಪಾಠದಲ್ಲಿ ನನ್ನಂತೆಯೇ, ಅಂದರೆ ಅಷ್ಟಕ್ಕಷ್ಟೆ. ಆದರೆ ಏಕಪಾತ್ರಾಭಿನಯಕ್ಕೆ ನಿಂತರೆ ಬೇರೆ ಮನುಷ್ಯ. ಏಳು ನಿಮಿಷ, ಕೈಯಲ್ಲಿ ಒಂದು ಬೈರಾಸು, ಅಂದರೆ ಟವೆಲ್ಲು, ಮಾತ್ರ. ಅದನ್ನು ತಲೆಗೆ ಸುತ್ತಿದರೆ ಅಜ್ಜ, ತಲೆಯ ಮೇಲೆ ಹೊದ್ದರೆ ಅಜ್ಜಿ, ಕಂಕುಳಿಗೆ ಸಿಕ್ಕಿಸಿದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ನಿಲ್ದಾಣಕ್ಕೆ ಹೋಗುವ ಬಸ್ಸಿನ ಕಂಡಕ್ಟರ್. "ಪಿರ ಪೋಲೆ, ಪಿರ ಪೋಲೆ" ಎಂದು ಅವನು ವೇದಿಕೆಯ ಮೇಲೆ ಕೂಗಿದರೆ ಸಭಾಂಗಣದಲ್ಲಿ ಕೂತವರೂ ಹಿಂದೆ ಸರಿಯಬೇಕು ಅನ್ನಿಸುತ್ತಿತ್ತು. ಚಿಕ್ಕವನಿದ್ದಾಗಿನಿಂದ ಯಕ್ಷಗಾನ ಬಯಲಾಟಗಳಿಗೆ ಹೋಗಿ ಬೆಳಗಿನವರೆಗೆ ಕೂರುತ್ತಿದ್ದನಂತೆ. ಕಥೆಗಾಗಿ ಅಲ್ಲ, ಹಾಸ್ಯಗಾರನಿಗಾಗಿ. ಹಾಸ್ಯಗಾರ ಒಂದು ಮಾತು ಹೇಳಿ, ಜನ ನಕ್ಕು ಮುಗಿಸುವವರೆಗೆ ಸುಮ್ನೆ ಎತ್ತಲೋ ನೋಡುತ್ತಾ ನಿಲ್ಲುತ್ತಾನಲ್ಲ, ಅದನ್ನು ಇವನು ಚೆನ್ನಾಗಿ ಕದ್ದಿದ್ದ.

ಎರಡನೇ ವರ್ಷದಲ್ಲಿ ಯಾರೋ ಶೇರ್‌ಇಟ್‌ನಲ್ಲಿ, ಅಂದರೆ ನೆಟ್ ಇಲ್ಲದೆ ಫೋನಿನಿಂದ ಫೋನಿಗೆ ದಾಟಿಸುವ ಆ್ಯಪ್‌ನಲ್ಲಿ, ಒಂದು ವಿಡಿಯೊ ಕಳುಹಿಸಿದರು. ಆಗ ಇಂಟರ್ನೆಟ್ಟನ್ನು ಈಗಿನ ಹಾಗೆ ಬಳಸುವಂತಿರಲಿಲ್ಲ. ತಿಂಗಳಿಗೆ 1 ಜಿಬಿ ಹಾಕಿಸಿಕೊಂಡು ಹಬ್ಬದ ತುಪ್ಪದ ಹಾಗೆ ಬಡಿಸಿಕೊಳ್ಳಬೇಕು. ಒಬ್ಬ ಡೌನ್‌ಲೋಡ್ ಮಾಡಿದರೆ ಇಡೀ ಪಿ.ಜಿ.ಗೆ ಅದೇ ಊಟ. ವಿಡಿಯೊದಲ್ಲಿ ದಿಲ್ಲಿಯ ಒಬ್ಬ ಹುಡುಗ, ಫೋನಿನ ಮುಂದಿನ ಕ್ಯಾಮೆರಾವನ್ನು ಮುಖಕ್ಕೆ ಹಿಡಿದುಕೊಂಡು ಮಾತಾಡುತ್ತಿದ್ದ. ಅವನೇ ಮಗ, ಅವನೇ ಅಪ್ಪ, ತಲೆಗೆ ಬಟ್ಟೆ ಹೊದ್ದರೆ ಅವನೇ ಅಮ್ಮ. ಒಬ್ಬ ಟೀಟು ಮಾಮ ಬೇರೆ. ಭುವನ್ ಬಾಮ್ ಎಂದು ಹೆಸರು, ಚಾನೆಲ್ 'ಬಿಬಿ ಕೀ ವೈನ್ಸ್'. ಈಗಾದರೆ 'ಅವರು' ಎಂದು ಬರೆಯಬೇಕೇನೋ. ಆಗ ನಮಗಿಂತ ಒಂದೆರಡು ವರ್ಷ ದೊಡ್ಡವನಷ್ಟೇ, ನಾವು ಬಹುವಚನ ಕೊಡಲಿಲ್ಲ.

ಕಾರ್ಕಳ ಎರಡು ಸಲ ನೋಡಿದ. ಆಮೇಲೆ, "ಎಂತ ಮಾರಾಯ, ಇದು ಏಕಪಾತ್ರಾಭಿನಯ ಅಲ್ವಾ?" ಎಂದ.

ಹೌದು, ಅದೇ ಆಗಿತ್ತು. ಭುವನ್ ಹೊಟ್ಟೆಪಾಡಿಗೆ ದಿಲ್ಲಿಯ ಹೋಟೆಲುಗಳಲ್ಲಿ ಹಾಡುತ್ತಿದ್ದವನು. ಕಾಶ್ಮೀರದ ಪ್ರವಾಹದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳಿಗೆ ಟಿ.ವಿ. ವರದಿಗಾರನೊಬ್ಬ ಕೇಳಬಾರದ ಪ್ರಶ್ನೆ ಕೇಳಿದ್ದನ್ನು ಅಣಕಿಸಿ ಒಂದು ತುಣುಕು ಮಾಡಿದ. ಅದು ಪಾಕಿಸ್ತಾನದಲ್ಲಿ ಜಾಸ್ತಿ ಓಡಿತು. 2015ರ ಜೂನ್‌ನಲ್ಲಿ ಚಾನೆಲ್ ಶುರು. ದೊಡ್ಡ ಕ್ಯಾಮೆರಾ ಇಲ್ಲ, ಬೇರೆ ನಟರಿಲ್ಲ, ಮನೆಯೇ ಸೆಟ್ಟು.

"ನಮ್ಮಲ್ಲೂ ಫೋನ್ ಉಂಟಲ್ಲ" ಎಂದ ಕಾರ್ಕಳ. ಹಾಗೆ ನಾವೂ ಶುರು ಮಾಡಿದೆವು.

ಮೊದಲ ವಿಡಿಯೊ ಪಿ.ಜಿ. ರೂಮಿನಲ್ಲಿ. ಮಂಗಳೂರಿನ ಜುಲೈ ತಿಂಗಳು, ತಲೆಯ ಮೇಲೆ ಶೀಟಿನ ಮಾಡು. ಮಾತಿಗಿಂತ ಮಳೆಯೇ ಚೆನ್ನಾಗಿ ರೆಕಾರ್ಡ್ ಆಯಿತು. ಎರಡನೆಯದಕ್ಕೆ ಅವನ ಅಂಗಿಯ ಜೇಬಿನಲ್ಲಿ ಇನ್ನೊಂದು ಫೋನಿಟ್ಟು ಧ್ವನಿ ಹಿಡಿದೆವು, ಒಂದು ಚಪ್ಪಾಳೆ ತಟ್ಟಿ ಆಮೇಲೆ ಎರಡನ್ನೂ ಕೂಡಿಸಿದೆವು. ಇಂಥ ಉಪಾಯಗಳನ್ನೆಲ್ಲ ಒಂದೊಂದಾಗಿ ಕಲಿತೆವು. ಅದೆಲ್ಲ ತೊಂದರೆಯೇ ಅಲ್ಲ. ನಿಜವಾದ ತೊಂದರೆ ಏನೆಂದು ಗೊತ್ತಾಗಲು ನಾಲ್ಕು ವಿಡಿಯೊ ಬೇಕಾಯಿತು.

ವೇದಿಕೆಯ ಮೇಲೆ ಊರನ್ನೇ ನಗಿಸುವ ಕಾರ್ಕಳ ಫೋನಿನ ಎದುರು ಸಪ್ಪೆ. ಅದೇ ಅಜ್ಜಿ, ಅದೇ ಕಂಡಕ್ಟರ್, ಅದೇ ಮಾತು. ಆದರೂ ಸಪ್ಪೆ. ಒಂದು ರಾತ್ರಿ ಭುವನ್‌ನ ವಿಡಿಯೊವನ್ನು ನಿಧಾನಕ್ಕೆ ಓಡಿಸಿ ನೋಡಿದೆ. ಅವನು ಎಲ್ಲೂ ಕಾಯುವುದಿಲ್ಲ! ಅಪ್ಪನ ಮಾತು ಪೂರ್ತಿ ಮುಗಿಯುವ ಮೊದಲೇ ಮಗನ ಮುಖ ಬಂದಿರುತ್ತದೆ. ನಮ್ಮವನು ಮಾತು ಹೇಳಿ, ನಗು ಬರಲಿ ಎಂದು ನಿಲ್ಲುತ್ತಿದ್ದ. ನಗುವವರು ಯಾರು? ರೂಮಿನಲ್ಲಿ ಇದ್ದವನು ನಾನೊಬ್ಬ. ನನಗೋ ಹನ್ನೊಂದನೇ ಟೇಕಿಗೆ ನಗು ಬರುವುದಿರಲಿ, ಹಸಿವೆ ಬರುತ್ತಿತ್ತು. ನಕ್ಕರೂ ತಪ್ಪೇ, ಧ್ವನಿ ಹಾಳಾಗುತ್ತಿತ್ತು.

ಆ ನಿಲ್ಲುವ ಜಾಗಗಳನ್ನೆಲ್ಲ ಕತ್ತರಿಸಿ ಅವನಿಗೆ ತೋರಿಸಿದೆ. ವಿಡಿಯೊ ಚುರುಕಾಗಿತ್ತು, ನಿಜ. ನೋಡಿದವನ ಮುಖ ಇಳಿದುಹೋಯಿತು. "ಇದರಲ್ಲಿ ನಾನಿಲ್ಲ ಮಾರಾಯ" ಎಂದ. ಆಗ ನನಗೆ ಸಿಟ್ಟು ಬಂದಿತ್ತು. ಎರಡು ರಾತ್ರಿ ಕೂತು ಎಡಿಟ್ ಮಾಡಿದವನು ನಾನು. ಅವನು ಹೇಳಿದ್ದು ಏನೆಂದು ಈಗ ಅರ್ಥವಾಗುತ್ತದೆ. ಅವನ ಕಲೆ ಇದ್ದದ್ದು ಮಾತಿನಲ್ಲಲ್ಲ, ನಿಂತು ಕಾಯುವುದರಲ್ಲಿ. ನಾನು ಕತ್ತರಿಸಿದ್ದು ಅದನ್ನೇ.

ಭಾಷೆಯದ್ದು ಇನ್ನೊಂದು ಜಗಳ. ತುಳುವಿನಲ್ಲಿ ಮಾಡಿದರೆ ಊರವರು ಮಾತ್ರ ನೋಡುತ್ತಾರೆ, ಕನ್ನಡದಲ್ಲಿ ಮಾಡೋಣ ಎಂದೆ. ಅದೂ ಬೆಂಗಳೂರಿನ ಕನ್ನಡದಲ್ಲಿ. ಅವನ ನಾಲಗೆ ಇಸ್ತ್ರಿ ಹಾಕಿದ ಅಂಗಿಯ ಹಾಗೆ ಸೆಟೆದುಕೊಂಡಿತು. ನಾವು ಡಿಗ್ರಿ ಮುಗಿಸಿದ ವರ್ಷವೇ, 2017ರಲ್ಲಿ, ರಾಜ್ ಬಿ. ಶೆಟ್ಟಿಯವರ 'ಒಂದು ಮೊಟ್ಟೆಯ ಕಥೆ' ಬಂತು. ಶುದ್ಧ ಮಂಗಳೂರು ಕನ್ನಡ, ಬೆಂಗಳೂರಿನವರೂ ಕೂತು ನಕ್ಕರು. ಕಾರ್ಕಳ ಥಿಯೇಟರಿನ ಕತ್ತಲೆಯಲ್ಲೇ ನನ್ನ ತೊಡೆಗೊಂದು ಗುದ್ದಿದ. ಯಾಕೆಂದು ನಾನು ಕೇಳಲಿಲ್ಲ.

ನಮ್ಮ ಚಾನೆಲ್ಲಿನ ಲೆಕ್ಕ ಹೇಳಿಬಿಡುತ್ತೇನೆ. ಏಳು ವಿಡಿಯೊ, 211 ಸಬ್‌ಸ್ಕ್ರೈಬರ್‌ಗಳು. ಅದರಲ್ಲಿ ಅರ್ಧದಷ್ಟು ನಮ್ಮ ಕ್ಲಾಸಿನವರು, ಉಳಿದವರು ಕಾರ್ಕಳದ ನೆಂಟರು. ಮೂರನೇ ವರ್ಷದ ಶುರುವಿಗೆ, 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂತು. ಸಿಮ್‌ಗೆ ಕ್ಯೂ ನಿಂತೆವು. ದಿನಕ್ಕೆ 4 ಜಿಬಿ ಫ್ರೀ! ತಿಂಗಳ ಪೂರ್ತಿ ಉಳಿಸಿ ತಿನ್ನುತ್ತಿದ್ದವರಿಗೆ ದಿನಾ ಮದುವೆ ಊಟ. ಇಡೀ ದೇಶ ವಿಡಿಯೊ ನೋಡಲು ಕೂತದ್ದು ಆಗಲೇ. ನಾವು ಮಾಡುವುದನ್ನು ಬಿಟ್ಟದ್ದೂ ಆಗಲೇ. ಐದನೇ ಸೆಮಿಸ್ಟರಿನ ಪರೀಕ್ಷೆ ಎಂದು ನೆಪ ಹೇಳಿಕೊಂಡೆವು. ಇನ್ನೊಂದು ವರ್ಷ ತಾಳಿದ್ದರೆ ಏನಾಗುತ್ತಿತ್ತು ಎಂದು ಕೇಳುವವರಿದ್ದಾರೆ. ಏನೂ ಆಗುತ್ತಿರಲಿಲ್ಲ ಎಂದೇ ನನ್ನ ಅನಿಸಿಕೆ. 2018ರ ಶುರುವಿನಲ್ಲಿ, ದುಡ್ಡು ಬರಬೇಕಾದರೆ 1,000 ಸಬ್‌ಸ್ಕ್ರೈಬರ್‌ಗಳು ಮತ್ತು ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಬೇಕು ಎಂದು ಯೂಟ್ಯೂಬ್ ನಿಯಮ ಮಾಡಿತು. ನಾವು ಆ ಸುದ್ದಿ ಓದಿ ಮಾರ್ಕೆಟ್ ರಸ್ತೆಯಲ್ಲಿ ಗಡ್‌ಬಡ್ ಐಸ್‌ಕ್ರೀಮ್ ತಿನ್ನುತ್ತಾ ನಕ್ಕೆವು.

ಅದೇ ವರ್ಷ ಭುವನ್ 1 ಕೋಟಿ ಸಬ್‌ಸ್ಕ್ರೈಬರ್‌ಗಳನ್ನು ದಾಟಿದ. ಒಂಟಿಯಾಗಿ ಚಾನೆಲ್ ನಡೆಸುವ ಭಾರತೀಯರಲ್ಲಿ ಅವನೇ ಮೊದಲಿಗ. ದಿವ್ಯಾ ದತ್ತಾ ಜೊತೆ ಒಂದು ಕಿರುಚಿತ್ರ ಮಾಡಿದ, ಅದಕ್ಕೆ ಫಿಲ್ಮ್‌ಫೇರ್ ಬಂತು. ಆಮೇಲೆ ಅವನು ಪೇಪರಿನ ಸಿನಿಮಾ ಪುಟಕ್ಕೆ ಬಂದ, ಹಾಟ್‌ಸ್ಟಾರ್‌ನ ಸರಣಿಗೆ ನಾಯಕನೂ ಆದ. ಇದೆಲ್ಲ ಎಲ್ಲರಿಗೂ ಗೊತ್ತಿರುವ ಕಥೆ. ನನ್ನ ಮನಸ್ಸಿನಲ್ಲಿ ಉಳಿದಿರುವುದು 2021. ಕೊರೊನಾ ಎರಡನೇ ಅಲೆಯಲ್ಲಿ, ಒಂದು ತಿಂಗಳ ಅಂತರದಲ್ಲಿ, ಅವನ ಅಮ್ಮನೂ ಅಪ್ಪನೂ ತೀರಿಕೊಂಡರು. ಅಕ್ಟೋಬರ್‌ನಲ್ಲಿ ಅವನ ಹೊಸ ಸರಣಿ ಬಂತು, ತನ್ನದೇ ಚಾನೆಲ್ಲಿನಲ್ಲಿ. ಅದರಲ್ಲೂ ಅವನೇ ಮಗ, ಅವನೇ ಅಪ್ಪ, ಅವನೇ ಅಮ್ಮ. ನಾನು ನಗುತ್ತಾ ನೋಡುತ್ತಿದ್ದವನು ಎರಡು ಸಲ ನಿಲ್ಲಿಸಿ, ನೀರು ಕುಡಿದು ಬಂದೆ. ಎದುರಿಗೆ ಯಾರೂ ಇಲ್ಲದೆ ಒಬ್ಬನೇ ಮೂವರಾಗುವುದು ಎಷ್ಟು ಕಷ್ಟ ಎಂದು ನಾನು ಆ ಪಿ.ಜಿ. ರೂಮಿನಲ್ಲಿ ನೋಡಿದ್ದೆ. ಇದು ಅದಕ್ಕಿಂತ ಬೇರೆಯೇ ಕಷ್ಟ.

ಮೊನ್ನೆ ಕಾಲೇಜಿಗೆ ಹೋದಾಗ ಕ್ಯಾಂಟೀನಿನ ಹಿಂದೆ ನಾಲ್ಕು ಮಕ್ಕಳು ಟ್ರೈಪಾಡ್ ನಿಲ್ಲಿಸಿಕೊಂಡು ರೀಲ್ಸ್ ಮಾಡುತ್ತಿದ್ದರು. ಅಪ್ಪಟ ಮಂಗಳೂರು ಕನ್ನಡ, ನಡುನಡುವೆ ತುಳು, ಯಾರಿಗೂ ನಾಚಿಕೆ ಇಲ್ಲ. ಬೆಂಗಳೂರಿನ ಯೂಟ್ಯೂಬರ್ ಡಾ. ಬ್ರೋ ಅಫ್ಘಾನಿಸ್ತಾನದಲ್ಲಿ ನಿಂತು "ನಮಸ್ಕಾರ ದೇವ್ರು" ಎಂದಮೇಲೆ ಇವರಿಗೆ ಇನ್ನೇನು ಅಂಜಿಕೆ? ಒಬ್ಬಳು ನನ್ನನ್ನು ನೋಡಿ, "ಸರ್, ಸ್ವಲ್ಪ ಆಚೆ ನಿಲ್ತೀರಾ, ಫ್ರೇಮಿಗೆ ಬರ್ತೀರಿ" ಎಂದಳು. ಆಚೆ ನಿಂತೆ. ಆ ಕೆಲಸ ನನಗೆ ಹಳೆಯ ಅಭ್ಯಾಸ.

ಕಾರ್ಕಳ ಈಗ ಊರಲ್ಲೇ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ವರ್ಷಕ್ಕೊಮ್ಮೆ ಗಣೇಶೋತ್ಸವಕ್ಕೆ ತುಳು ನಾಟಕದಲ್ಲಿ ಪಾತ್ರ ಮಾಡುತ್ತಾನೆ. ಹೋದ ವರ್ಷ ನಾನೂ ಹೋಗಿದ್ದೆ. ಬೈರಾಸು ಕಂಕುಳಿಗೆ ಸಿಕ್ಕಿಸಿಕೊಂಡು ಬಂದ. ಒಂದು ಮಾತು ಹೇಳಿದ. ಆಮೇಲೆ ಪೆಂಡಾಲಿನ ಟ್ಯೂಬ್‌ಲೈಟ್ ನೋಡುತ್ತಾ ನಿಂತ, ನಿಂತೇ ಇದ್ದ. ಜನ ನಕ್ಕರು, ನಿಲ್ಲಿಸಿದರು, ಅವನು ಇನ್ನೂ ಟ್ಯೂಬ್‌ಲೈಟನ್ನೇ ನೋಡುತ್ತಿರುವುದನ್ನು ಕಂಡು ಮತ್ತೆ ನಕ್ಕರು.

ಪಕ್ಕದಲ್ಲಿ ಕೂತಿದ್ದ ಹುಡುಗ ಅದನ್ನು ಫೋನಿನಲ್ಲಿ ಹಿಡಿದಿದ್ದ. ಮರುದಿನ ಬೆಳಿಗ್ಗೆ ಅದು ನಮ್ಮ ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿಗೂ ಬಂತು. ಚಿತ್ರ ಅಲುಗಾಡುತ್ತದೆ, ಮಾತು ಸರಿಯಾಗಿ ಕೇಳುವುದಿಲ್ಲ. ಯಾರೋ ಒಬ್ಬ ಮೈಕಿಗಿಂತ ಜೋರಾಗಿ ನಗುತ್ತಿದ್ದಾನೆ. "ಇದ್ಯಾರು ಮಾರಾಯ, ಇಡೀ ವಿಡಿಯೊ ಹಾಳು ಮಾಡಿದ್ದು?" ಎಂದು ಕಾರ್ಕಳ ಕೆಳಗೆ ಬರೆದಿದ್ದ. ಅದು ನಾನೆಂದು ಅವನಿಗೆ ಚೆನ್ನಾಗಿ ಗೊತ್ತು.