ಫ್ರೀಜರ್ ನೆಲ್ಲಿಕಾಯಿ, ಕಿಟಕಿ ಪಕ್ಕದ ತುಳಸಿ

ನೆಲ್ಲಿಕಾಯಿ ಕೊಂಬೆ ಇಲ್ಲದ ತುಳಸಿ ಹಬ್ಬ ಹಬ್ಬವೇ ಅಲ್ಲ ಅನ್ನೋದು ನಮ್ಮಮ್ಮನ ಲೆಕ್ಕ. ಹಾಸನದಲ್ಲಿ ಅಪ್ಪ ಬೆಳಿಗ್ಗೆಯೇ ಕಟ್ಟಿನಕೆರೆ ಮಾರ್ಕೆಟ್‌ಗೆ ಹೋಗಿ ಕಾಯಿ ಇರುವ ನೆಲ್ಲಿ ಕೊಂಬೆ, ಹುಣಸೆ ಕೊಂಬೆ, ಎರಡು ಜಲ್ಲೆ ಕಬ್ಬು ಸ್ಕೂಟರ್‌ಗೆ ಕಟ್ಟಿಕೊಂಡು ಬರುತ್ತಾರೆ. ಇಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನನಗೆ ಸಿಕ್ಕಿದ್ದು ಇಂಡಿಯನ್ ಸ್ಟೋರಿನ ಫ್ರೀಜರ್ ಒಳಗೆ ಕಲ್ಲಾಗಿದ್ದ ಒಂದು ಪ್ಯಾಕೆಟ್ ನೆಲ್ಲಿಕಾಯಿ. ಅಪಾರ್ಟ್‌ಮೆಂಟ್ ಹಿಂದೆ ಬಿದ್ದಿದ್ದ ಯಾವುದೋ ಮರದ ಒಣ ಕೊಂಬೆ ತಂದು ಅದಕ್ಕೆ ನಾಲ್ಕು ಕಾಯಿ ದಾರದಲ್ಲಿ ಕಟ್ಟಿದೆ. ಕೃಷ್ಣ ಏನೂ ಅಂದುಕೊಳ್ಳಲ್ಲ, ಬಿಡಿ.

ಹಬ್ಬ 2024ರ ನವೆಂಬರ್ 13, ಬುಧವಾರ. ಅದರ ಹಿಂದಿನ ಬುಧವಾರ ಬೆಳಗಿನ ಜಾವ ಫೋನ್ ನೋಡಿದರೆ ಇಲ್ಲಿನ ಅಧ್ಯಕ್ಷ ಚುನಾವಣೆಯಲ್ಲಿ ಟ್ರಂಪ್ ಗೆದ್ದಿದ್ದರು. ನಾನೀಗ ಐದು ತಿಂಗಳ ಬಸುರಿ, ರಾತ್ರಿ ಮೂರು ಸಲವಾದರೂ ಏಳಲೇಬೇಕು. ಅವತ್ತು ಎದ್ದವಳು ಮತ್ತೆ ಮಲಗಲಿಲ್ಲ. ಅಡುಗೆಮನೆಯಲ್ಲಿ ಲೈಟ್ ಕೂಡ ಹಾಕದೆ ಕೂತಿದ್ದೆ.

ನಾವಿರೋ ಪೆನ್ಸಿಲ್ವೇನಿಯಾ ರಾಜ್ಯ ಅಂದರೆ ಅಧ್ಯಕ್ಷರನ್ನ ಆರಿಸೋ 19 ಎಲೆಕ್ಟೋರಲ್ ಮತ, ಯಾವ ಪಕ್ಷದ ಕಡೆ ಬೇಕಾದರೂ ವಾಲಬಹುದು, ಹಾಗಾಗಿ ಎರಡು ತಿಂಗಳು ಎರಡೂ ಪಕ್ಷದವರು ನಮ್ಮನ್ನ ಸುಮ್ನೆ ಬಿಡಲಿಲ್ಲ, ಟಿವಿ ಹಾಕಿದರೆ ಅದೇ, ಯೂಟ್ಯೂಬ್‌ನಲ್ಲಿ ಸಾರಿನ ಪುಡಿ ರೆಸಿಪಿ ನೋಡೋಕೆ ಹೋದರೂ ಅದೇ. ಅಕ್ಟೋಬರ್‌ನಲ್ಲಿ ಕಾಲೇಜು ಹುಡುಗಿಯೊಬ್ಬಳು ಬಾಗಿಲು ತಟ್ಟಿ, ಯಾರಿಗೆ ವೋಟ್ ಹಾಕ್ತೀರಾ ಅಂತ ಕೇಳಿದಳು. ನಾವು ವೀಸಾದಲ್ಲಿದ್ದೀವಿ, ನಮಗೆ ವೋಟಿಲ್ಲ ಅಂದೆ. ಪಾಪ, ಸಾರಿ ಹೇಳಿ ಪಟ್ಟಿಯಲ್ಲಿ ಒಂದು ಗೀಟು ಎಳೆದುಕೊಂಡು ಹೋದಳು. ಏಪ್ರಿಲ್ 26ಕ್ಕೆ ಹಾಸನದಲ್ಲಿ ಲೋಕಸಭೆ ಚುನಾವಣೆ ಇತ್ತು, ಅಲ್ಲೂ ನನ್ನ ವೋಟ್ ಬೀಳಲಿಲ್ಲ. ಹಾಕಬೇಕು ಅಂದರೆ ಊರಿಗೇ ಹೋಗಿ ಕ್ಯೂ ನಿಲ್ಲಬೇಕು.

ಟ್ರಂಪ್ ಎದುರು ನಿಂತಿದ್ದ ಕಮಲಾ ಹ್ಯಾರಿಸ್ ಗೆದ್ದರೆ ನಮ್ಮ ಕಷ್ಟ ಕಳೆಯುತ್ತೆ ಅಂತ ನಾನೇನೂ ನಂಬಿರಲಿಲ್ಲ. ಒಂದು ದೇಶದವರಿಗೆ 7 ಪರ್ಸೆಂಟ್ ಅನ್ನೋ ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ಇರೋ ಅನುಮತಿ) ಮಿತಿ ಬೈಡನ್ ಕಾಲದಲ್ಲೂ ಹಾಗೇ ಇತ್ತು. ಅಮ್ಮನಿಗೆ ಮಾತ್ರ ಭಾರಿ ನಂಬಿಕೆ. ಕಮಲಾ ಅವರ ತಾಯಿಯ ತಂದೆಯ ಊರು ತಮಿಳುನಾಡಿನ ತುಳಸೇಂದ್ರಪುರಂ ಅಂತ ಟಿವಿಯಲ್ಲಿ ನೋಡಿ, 'ಹೆಸರಲ್ಲೇ ತುಳಸಿ ಇದೆ ಕಣೇ, ಗೆಲ್ತಾಳೆ ನೋಡು' ಅಂದಿದ್ದರು. ಆಮೇಲೆ ಆ ಮಾತೇ ಎತ್ತಲಿಲ್ಲ.

ನನ್ನ ಭಯ ಸಣ್ಣದು, ಮನೆಯೊಳಗಿನದು. ನಾನು ಕೆಲಸ ಮಾಡುತ್ತಿರೋದು ಗಂಡನ ವೀಸಾ ಹಿಡಿದುಕೊಂಡು, 2015ರಲ್ಲಿ ಬಂದ ಒಂದು ನಿಯಮದ ಮೇಲೆ. ಟ್ರಂಪ್ ಅವರ ಹಿಂದಿನ ಸರ್ಕಾರ ಅದನ್ನ ತೆಗೆಯೋಕೆ ಹೊರಟಿತ್ತು. ಗಂಡನ ಕೆಲಸ ಹೋದರೆ 60 ದಿನದಲ್ಲಿ ಇನ್ನೊಂದು ಹುಡುಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಅದೆಲ್ಲ ಹಳೇ ಭಯ, ಅಭ್ಯಾಸ ಆಗಿದೆ. ಹೊಸದು ಹೊಟ್ಟೆಯಲ್ಲಿದೆ. ಇಲ್ಲಿ ಹುಟ್ಟಿದ ಮಗು ಇಲ್ಲಿನ ಪ್ರಜೆ ಅಂತ ಇವರ ಸಂವಿಧಾನಕ್ಕೆ 1868ರಲ್ಲೇ ಸೇರಿಸಿದ್ದಾರೆ. ಅದನ್ನ ಮೊದಲ ದಿನವೇ ಆದೇಶ ಹೊರಡಿಸಿ ನಿಲ್ಲಿಸುತ್ತೇನೆ ಅಂತ ಟ್ರಂಪ್ 2023ರ ಮೇ ತಿಂಗಳಲ್ಲೇ ಹೇಳಿದ್ದರು. ವಿಡಿಯೋದಲ್ಲಿ ಹೇಳಿದ್ದು ಅಕ್ರಮವಾಗಿ ಬಂದವರ ಮಕ್ಕಳ ಬಗ್ಗೆ. ಬರವಣಿಗೆಯಲ್ಲಿ ಹಾಕಿದ್ದು, ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕು ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು ಅಂತ. ನಮ್ಮಿಬ್ಬರ ಹತ್ತಿರ ಎರಡೂ ಇಲ್ಲ. ಜನವರಿ 20ಕ್ಕೆ ಪ್ರಮಾಣವಚನ, ಮಾರ್ಚ್‌ಗೆ ನನ್ನ ಹೆರಿಗೆ. ಕೋರ್ಟ್ ಬಿಡಲ್ಲ ಅಂತ ಗಂಡ ಹೇಳುತ್ತಾನೆ. ಹೇಳಿ, ರಾತ್ರಿ ಅವನೂ ಎದ್ದು ಕೂತು ಅದನ್ನೇ ಓದುತ್ತಾನೆ.

ಹಬ್ಬದ ದಿನ ಬೆಳಿಗ್ಗೆ ಎಂಟಕ್ಕೆ ಅಮ್ಮನ ವಿಡಿಯೋ ಕಾಲ್, ಅಲ್ಲಿ ಸಂಜೆ ಆರೂವರೆ. ತುಳಸಿಕಟ್ಟೆಗೆ ಚಪ್ಪರದ ಹಾಗೆ ಕಬ್ಬು ಕಟ್ಟಿದ್ದರು. ಈ ಸಲ, ವರ್ಷಕ್ಕೊಮ್ಮೆ ಮಾತ್ರ ತೆರೆಯೋ ಹಾಸನಾಂಬೆ ಗುಡಿಯ ಬಾಗಿಲು ಹಾಕುವ ಮುಂಚೆ ಕ್ಯೂನಲ್ಲಿ ನಿಂತು ನನ್ನ ಹೆಸರಲ್ಲಿ ಅರ್ಚನೆ ಮಾಡಿಸಿದ್ದಾರಂತೆ. 'ಒಳಗೆ ಹಚ್ಚಿಟ್ಟ ದೀಪ ಮುಂದಿನ ವರ್ಷದ ತನಕ ಆರಲ್ಲ, ನೀನ್ಯಾಕೆ ಹೆದರ್ತೀಯ' ಅಂದರು.

ನನ್ನ ನೆಲ್ಲಿಕಾಯಿ ದೀಪ ಹತ್ತು ನಿಮಿಷ ಕೂಡ ಉರಿಯಲಿಲ್ಲ. ಫ್ರೀಜರ್ ಕಾಯಿ ಕರಗಿದ ಮೇಲೆ ಮೆತ್ತಗಾಗುತ್ತೆ. ಮೇಲೆ ಕೊಯ್ದು, ಚಮಚದಲ್ಲಿ ಕೆರೆದು, ತುಪ್ಪದ ಬತ್ತಿ ಇಟ್ಟು ಹಚ್ಚಿದೆ. ಒಳಗಿಂದ ನೀರು ಒಸರಿ ಬತ್ತಿ ಚಿಟಿಚಿಟಿ ಅಂದು ಆರಿತು. ಟಿಶ್ಯೂನಲ್ಲಿ ಒತ್ತಿ ಒರೆಸಿ ಮತ್ತೆ ಹಚ್ಚಿದೆ, ಮತ್ತೆ ಆರಿತು. ಐದರಲ್ಲಿ ಎರಡು ನಿಂತವು. ಅದಕ್ಕೇ ಕಣ್ಣಲ್ಲಿ ನೀರು ಬಂತು. ಬಸುರಿಯರಿಗೆ ಅಳು ಜಾಸ್ತಿ ಅಂತಾರೆ, ಇರಬಹುದು.

ಸಂಜೆ ಪೂಜೆಗೆ ಕರೆದಿದ್ದು ಒಬ್ಬರನ್ನೇ, ಅರಸೀಕೆರೆ ಕಡೆಯ ಅಕ್ಕ. ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು, ಪ್ರಜೆಯಾಗಿದ್ದಾರೆ. ಕಿಟಕಿ ಪಕ್ಕ ಇರೋ ತುಳಸಿ ಗಿಡ ಅವರೇ ಕೊಟ್ಟಿದ್ದು. ವಾಂತಿ ನಿಲ್ಲದ ದಿನಗಳಲ್ಲಿ ತಿಂಗಳುಗಟ್ಟಲೆ ತಿಳಿಸಾರು ತಂದುಕೊಟ್ಟವರೂ ಅವರೇ. ವೋಟ್ ಹಾಕಿದ್ದು ಟ್ರಂಪ್‌ಗೆ. ಅದನ್ನ ಮುಚ್ಚಿಟ್ಟವರೂ ಅಲ್ಲ. ಅವಲಕ್ಕಿ ಬೆಲ್ಲ ತಿನ್ನುತ್ತಾ, ನಾನು ಕೇಳದೇ ಇದ್ದರೂ, 'ಅದೆಲ್ಲ ಗಡಿ ಹಾರಿ ಬರೋರಿಗೆ ಕಣೇ, ನಮ್ಮಂಥೋರಿಗೆ ಏನೂ ಆಗಲ್ಲ' ಅಂದರು. ಆ ಬರವಣಿಗೆಯ ಸಾಲು ನನ್ನ ಫೋನಿನಲ್ಲೇ ಇತ್ತು. ತೋರಿಸೋಣ ಅಂತ ಕೈಗೂ ತಗೊಂಡೆ. ತೋರಿಸಲಿಲ್ಲ. 'ನಮ್ಮಂಥೋರು' ಅನ್ನೋದರಲ್ಲಿ ನಾನಿಲ್ಲ ಅಂತ ಅವರಿಗೆ ಹೊಳೆದೇ ಇಲ್ಲ, ಹೊಳೆಸಿದರೆ ನಾಳೆ ಫೋನ್ ಮಾಡೋಕೆ ನನಗೆ ಇನ್ಯಾರಿದ್ದಾರೆ?

ಕುಂಕುಮ ಇಟ್ಟು ಕಬ್ಬಿನ ತುಂಡು ಕೊಟ್ಟೆ. ಅಮ್ಮನ ವೀಸಾ ವಿಷಯ ಕೇಳಿದರು. ಜನವರಿ 23ಕ್ಕೆ ಚೆನ್ನೈಯಲ್ಲಿ ಇಂಟರ್‌ವ್ಯೂ ಅಂದೆ.

'ಸಿಗದಿದ್ರೆ ಬಾಣಂತನ ನಾನು ಮಾಡ್ತೀನಿ, ಯೋಚನೆ ಮಾಡಬೇಡ' ಅಂದರು. ಮಾಡುತ್ತಾರೆ ಕೂಡ, ಅದರಲ್ಲಿ ನನಗೆ ಒಂಚೂರೂ ಅನುಮಾನ ಇಲ್ಲ. ಬಾಗಿಲ ಹತ್ತಿರ ಬೂಟಿನ ಜಿಪ್ ಎಳೆದುಕೊಳ್ಳುತ್ತಾ ಗಿಡದ ಕಡೆ ತಿರುಗಿ ನೋಡಿ, 'ಚಳಿಗಾಲದಲ್ಲಿ ನೀರು ಜಾಸ್ತಿ ಹಾಕ್ಬೇಡ, ಕೊಳೆಯುತ್ತೆ' ಅಂದರು.

ಉಳಿದ ನೆಲ್ಲಿಕಾಯಿ ತುರಿದು ರಾತ್ರಿ ಚಿತ್ರಾನ್ನ ಮಾಡಿದೆ. ಉಪ್ಪು ಸ್ವಲ್ಪ ಮುಂದಾಗಿತ್ತು.