ಮೈಲುತುತ್ತದ ಹರಳಿಗೆ ಬೇಸಿಗೆ ಕಾಟ

ಮನೆಯಲ್ಲಿ ಮೈಲುತುತ್ತದ (ತಾಮ್ರದ ಸಲ್ಫೇಟ್) ಹರಳು ಬೆಳೆಸುವವರಿಗೆ ಬೀಜದ ಹರಳು (ಬೆಳವಣಿಗೆ ಶುರುಮಾಡುವ ಪುಟ್ಟ ಹರಳು) ಆರಿಸೋದು, ದಾರ ಕಟ್ಟೋದು, ದ್ರಾವಣ ಸೋಸೋದು ಎಲ್ಲ ಗೊತ್ತೇ ಇದೆ. ನೇರವಾಗಿ ತಲೆನೋವಿಗೆ ಬರುತ್ತೇನೆ. ಚಳಿಗಾಲದಲ್ಲಿ ಬೆಳೆದ ನೀಲಿ ಹರಳುಗಳು ವಿಜಯಪುರದ ಬಿಸಿಲು ಶುರುವಾದ ಕೂಡಲೇ ಬಿಳಿಚಿಕೊಳ್ಳುತ್ತವೆ. ಮೊದಲು ಅಂಚು, ಆಮೇಲೆ ಮೈಯೆಲ್ಲ ಪುಡಿ. ಉಜ್ಜಿದರೆ ಒಳಗೆ ನೀಲಿ. ಸ್ವಲ್ಪ ದಿನ ಬಿಟ್ಟರೆ ಮತ್ತೆ ಅದೇ ಬಿಳಿ.

ಮಾಲಿನ ತಪ್ಪು ಅನ್ನೋಣ ಅಂದರೆ, ಎರಡು ಕಡೆಯ ಮಾಲೂ ಹೀಗೇ ಆಯಿತು. ಆನ್‌ಲೈನ್‌ನಲ್ಲಿ ತರಿಸಿದ ‘ಲ್ಯಾಬ್ ಗ್ರೇಡ್’ ಪ್ಯಾಕೆಟ್ ಬರುವಾಗಲೇ ಅರ್ಧ ಪುಡಿಯಾಗಿತ್ತು, ದುಡ್ಡು ಮಾತ್ರ ಪೂರ್ತಿ ಹೋಯಿತು. ದ್ರಾಕ್ಷಿ ತೋಟದವರು ಬೋರ್ಡೋ ದ್ರಾವಣಕ್ಕೆ (ಬೆಳೆಯ ಶಿಲೀಂಧ್ರ ರೋಗಕ್ಕೆ ಹೊಡೆಯುವ ಔಷಧ) ಒಯ್ಯುವ ಅಂಗಡಿಯ ಮೈಲುತುತ್ತವೇ ವಾಸಿ. ಆದರೆ ಅಲ್ಲಿ ಒಂದು ಕಿಲೋಗಿಂತ ಕಡಿಮೆ ಕೊಡಲ್ಲ. “ಎಷ್ಟು ಎಕರೆ ಐತ್ರೀ?” ಅಂದರು. “ಒಂದು ಬಾಟ್ಲಿ ಐತ್ರೀ” ಅಂದೆ. ನಗಲಿಲ್ಲ.

ವಿಷಯ ಇರೋದು ಹರಳಿನೊಳಗೇ ಸೇರಿಕೊಂಡಿರುವ ನೀರಿನಲ್ಲಿ. ಸಲ್ಫೇಟ್ ಒಳಗಿನ ಗಂಧಕ, ಆಮ್ಲಜನಕ ಎಲೆಕ್ಟ್ರಾನ್ ಹಂಚಿಕೊಂಡು ಕೂತಿವೆ. ಅವು ನಮ್ಮ ಬಿಸಿಲಿಗೆಲ್ಲ ಜಗ್ಗಲ್ಲ. ಆದರೆ ಒಂದೊಂದು ತಾಮ್ರದ ಅಯಾನಿನ (ವಿದ್ಯುದಾವೇಶ ಇರುವ ಪರಮಾಣು) ಸುತ್ತ ನಾಲ್ಕು ನೀರಿನ ಅಣುಗಳಿವೆ. ತಮ್ಮ ಆಮ್ಲಜನಕದ ಎಲೆಕ್ಟ್ರಾನ್ ಜೋಡಿ ಕೊಟ್ಟು ಅಂಟಿಕೊಂಡಿವೆ. ನೀಲಿ ಬಣ್ಣ ಬರೋದೇ ಈ ನಂಟಿನಿಂದ. ಸ್ವಲ್ಪ ದೂರದಲ್ಲಿ, ಮೇಲೊಂದು ಕೆಳಗೊಂದು, ಸಲ್ಫೇಟಿನ ಆಮ್ಲಜನಕ. ಐದನೇ ನೀರು ತಾಮ್ರವನ್ನು ಮುಟ್ಟುವುದೇ ಇಲ್ಲ, ಹೈಡ್ರೋಜನ್ ಬಂಧಗಳೆಂಬ ಸಡಿಲ ಹಿಡಿತಗಳ ನಡುವೆ ನೇತಾಡುತ್ತಿರುತ್ತದೆ. 1934ರಲ್ಲಿ ಬೀವರ್ಸ್ ಮತ್ತು ಲಿಪ್ಸನ್ ಎಂಬ ವಿಜ್ಞಾನಿಗಳು ಎಕ್ಸ್-ರೇ ಹಾಯಿಸಿ ಈ ರಚನೆ ಬಿಡಿಸಿದರು. ಹರಳಿನ ತೂಕದಲ್ಲಿ ಶೇ. 36 ನೀರೇ! ಕೊಟ್ಟ ದುಡ್ಡಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರಿಗೆ ಹೋಯಿತು, ಅಲ್ವಾ?

25 ಡಿಗ್ರಿಯಲ್ಲಿ ಗಾಳಿಯ ತೇವಾಂಶ ಸುಮಾರು ಶೇ. 33ಕ್ಕಿಂತ ಕೆಳಗಿಳಿದರೆ ಐದರಲ್ಲಿ ಎರಡು ನೀರು ಮೆಲ್ಲಗೆ ಹೊರಡುತ್ತವೆ. ಬಿಸಿ ಏರಿದಷ್ಟೂ ಈ ಗಡಿಯೂ ಮೇಲೇರುತ್ತದೆ. ಇಲ್ಲಿನ ಮಾರ್ಚ್ ಮಧ್ಯಾಹ್ನಕ್ಕೆ ಇನ್ನೇನು ಬೇಕು? ಆಮೇಲೆ ನೀರು ಕುಡಿಸಿದರೆ ಬಣ್ಣ ಬರುತ್ತದೆ, ಒಡೆದ ಮೈ ಕೂಡಲ್ಲ.

ನೀರು ಹೊರಹೋಗದಿರಲಿ ಅಂತ ನೇಲ್ ಪಾಲಿಶ್ ಬಳಿದೆ. ಪದರದ ಅಡಿಯಲ್ಲೇ ಮಬ್ಬಾಯಿತು. ಮನೆ ತುಂಬ ವಾಸನೆ ಬೇರೆ.

ಕೊನೆಗೆ ಕೆಲಸ ಮಾಡಿದ್ದು ಅಡುಗೆ ಉಪ್ಪು. ಬಿಗಿ ಮುಚ್ಚಳದ ಗಾಜಿನ ಬಾಟಲಿ, ತಳದಲ್ಲಿ ಒಂದು ಪುಟ್ಟ ಬಟ್ಟಲು, ಅದರಲ್ಲಿ ಉಪ್ಪು ಮತ್ತು ಅದು ಪೂರ್ತಿ ಕರಗದಷ್ಟೇ ನೀರು. ಹರಳು ಮೇಲೆ ದಾರದಲ್ಲಿ, ಉಪ್ಪಿಗೆ ತಾಗದ ಹಾಗೆ. ಒದ್ದೆ ಉಪ್ಪು ಒಳಗಿನ ತೇವಾಂಶವನ್ನು ಶೇ. 75ರ ಆಸುಪಾಸಲ್ಲೇ ಹಿಡಿದಿಡುತ್ತದೆ. ಅಷ್ಟರಲ್ಲಿ ಮೈಲುತುತ್ತ ನೀರು ಬಿಡಲ್ಲ, ಕರಗೋದೂ ಇಲ್ಲ. ಏಪ್ರಿಲ್ ಮುಗಿಯಿತು, ಅಂಚು ಇನ್ನೂ ಚೂಪಾಗಿದೆ!

ಮುಂದೆ ಬೆಳೆಸೋದು ನೇರಳೆ ಬಣ್ಣದ ಕ್ರೋಮ್ ಪಟಿಕ. ಸಾದಾ ಪಟಿಕದ ಅಲ್ಯೂಮಿನಿಯಂ ಜಾಗದಲ್ಲಿ ಕ್ರೋಮಿಯಂ ಕೂತರೂ ಹರಳಿನ ಕಟ್ಟು ಒಂದೇ. ಹಾಗಾಗಿ ನೇರಳೆ ಹರಳಿನ ಮೇಲೆ ಸಾದಾ ಪಟಿಕ ಗಾಜಿನಂತೆ ಬೆಳೆಯುತ್ತದೆ. ಒಳಗಿನ ನೇರಳೆಯ ನೀರೂ ಭದ್ರ. ಪಟಿಕ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಕ್ರೋಮ್ ಪಟಿಕಕ್ಕೆ ಮತ್ತೆ ಆ ‘ಲ್ಯಾಬ್ ಗ್ರೇಡ್’ ಮಹಾಶಯರೇ ಗತಿ. ಬೇರೆ ಯಾರಾದರೂ ನೂರು ಗ್ರಾಂ ಕೊಡುವವರಿದ್ದರೆ ಹೇಳಿ.