ಮೂರು ಚಕ್ರದ ಬುಲೆಟ್‌ನಲ್ಲಿ ಅಮ್ಮನ ಜೊತೆ ತಲಕಾವೇರಿಗೆ

ಅಮ್ಮನಿಗೆ ಎರಡೂ ಮಂಡಿ ನೋವು. ಬೈಕಿನ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು ದೂರ ಹೋಗುವುದು ಆಗದ ಮಾತು. ಕಾರು ಅಂದ್ರೆ ಇನ್ನೂ ಕಷ್ಟ. ಕಿಟಕಿ ತೆರೆದಿಟ್ಟರೂ ಕೊಡಗಿನ ತಿರುವು ಶುರುವಾಗುತ್ತಿದ್ದ ಹಾಗೆ ಹೊಟ್ಟೆ ತೊಳಸುತ್ತದೆ. ತಲಕಾವೇರಿ ನೋಡಬೇಕು ಅನ್ನುವ ಆಸೆ ಮಾತ್ರ ಅವಳಿಗೆ ಎಷ್ಟೋ ವರ್ಷದ್ದು. ಹಾಗಾಗಿ ಸೈಡ್‌ಕಾರ್, ಅಂದರೆ ಪಕ್ಕಕ್ಕೆ ಜೋಡಿಸಿದ ಒಂದು ಚಕ್ರದ ಕೂರುವ ತೊಟ್ಟಿ, ಇರುವ ಹಳೇ ಬುಲೆಟ್ ಒಂದು ಮಾರಾಟಕ್ಕಿದೆ ಅಂತ ಗೊತ್ತಾದಾಗ ನನಗೆ ಮೊದಲು ಹೊಳೆದದ್ದೇ ಆ ದಾರಿ. ಕಾಲು ಚಾಚಿ ಕೂರಬಹುದು, ಮುಖಕ್ಕೆ ಗಾಳಿ ಸಿಗುತ್ತದೆ, ಪಕ್ಕದಲ್ಲೇ ಮಗ ಇರುತ್ತಾನೆ.

ಸೈಡ್‌ಕಾರ್ ಅಂದ್ರೆ ಈಗಿನವರಿಗೆ ಹಳೇ ಸಿನಿಮಾ ನೆನಪಾಗುತ್ತದೆ, ಇಲ್ಲಾ ಮದುವೆಯ ಫೋಟೋ ಶೂಟ್. ಆದರೆ ಒಂದು ಕಾಲಕ್ಕೆ ಅದು ಸಂಸಾರ ಸಾಗಿಸುವ ಗಾಡಿ. ಲ್ಯಾಂಬ್ರೆಟಾ, ಬಜಾಜ್ ಸ್ಕೂಟರುಗಳಿಗೂ ಹಾಕಿಸಿಕೊಳ್ಳುತ್ತಿದ್ದರು. ಗಂಡ ಓಡಿಸುವುದು, ಹಿಂದೆ ಒಂದು ಮಗು, ಪಕ್ಕದಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಇನ್ನೊಂದು ಮಗು. 1983ರ ಕೊನೆಯಲ್ಲಿ ಮಾರುತಿ 800 ಬಂತು. ಆಮೇಲೆ ನಿಧಾನಕ್ಕೆ ಇವೆಲ್ಲ ಕೊಟ್ಟಿಗೆ ಸೇರಿದವು.

ನನಗೆ ಸಿಕ್ಕಿದ್ದೂ ಕೊಟ್ಟಿಗೆಯಲ್ಲೇ, ನಂಜನಗೂಡಿನ ಹತ್ತಿರದ ಒಂದು ತೋಟದಲ್ಲಿ. 1968ರ ಬುಲೆಟ್ 350. ಸೈಡ್‌ಕಾರಿನೊಳಗೆ ತೆಂಗಿನಕಾಯಿ ತುಂಬಿಟ್ಟಿದ್ದರು. ತಳದ ಪ್ಲೈವುಡ್ ಗೆದ್ದಲು ತಿಂದು ಪುಡಿಯಾಗಿತ್ತು, ಎಂಜಿನ್ ಜಾಮ್ ಆಗಿ ಕಿಕ್ಕರ್ ಮೇಲೆ ನಿಂತರೂ ಅಲ್ಲಾಡುತ್ತಿರಲಿಲ್ಲ. ಆದರೆ ಚಾಸಿಸ್ ಪೈಪು ಎಲ್ಲೂ ಸೀಳಿರಲಿಲ್ಲ, ಆರ್‌ಸಿ ಪುಸ್ತಕದಲ್ಲಿ ಸೈಡ್‌ಕಾರ್ ನಮೂದಾಗಿತ್ತು. ಈ ಎರಡು ಸರಿ ಇದ್ದರೆ ಮಿಕ್ಕಿದ್ದೆಲ್ಲ ಮಾಡಿಸಿಕೊಳ್ಳಬಹುದು.

ಮೈಸೂರಿನವರಾಗಿ ಜಾವಾ ಬಿಟ್ಟು ಬುಲೆಟ್ ಯಾಕೆ ಅಂತ ಬಹಳ ಜನ ಕೇಳಿದರು. ಕೇಳುವುದು ನ್ಯಾಯವೇ. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿ 1996ರಲ್ಲಿ ಮುಚ್ಚುವವರೆಗೂ ಈ ಊರಿನ ಸದ್ದೇ ಜಾವಾ, ಯೆಜ್ದಿ ಸದ್ದು. ನನಗೂ ಆ ಗಾಡಿಗಳ ಮೇಲೆ ಪ್ರೀತಿ ಇದೆ. ಆದರೆ ಪಕ್ಕದಲ್ಲಿ ಒಂದು ತೊಟ್ಟಿ, ಅದರಲ್ಲಿ ಒಬ್ಬರು ಕೂತಾಗ ಘಾಟಿ ಏರಲಿಕ್ಕೆ ಕಡಿಮೆ ಸ್ಪೀಡಿನಲ್ಲೇ ಎಳೆಯುವ ಶಕ್ತಿ ಬೇಕು. ಬುಲೆಟ್ಟಿನದು ಉದ್ದ ಸ್ಟ್ರೋಕಿನ ಎಂಜಿನ್, ಸಿಲಿಂಡರಿನ ಅಗಲ (ಬೋರು) 70 ಮಿ.ಮೀ., ಪಿಸ್ಟನ್ ಓಡಾಡುವ ದೂರ (ಸ್ಟ್ರೋಕು) 90 ಮಿ.ಮೀ. ಅದು ಓಡುವುದಕ್ಕಿಂತ ಎಳೆಯುವುದಕ್ಕೆ ಲಾಯಕ್ಕು. ಇನ್ನೊಂದು ಅನುಕೂಲ ಬಿಡಿಭಾಗದ್ದು. ಇಂಗ್ಲೆಂಡಿನ ರೆಡಿಚ್‌ನಲ್ಲಿದ್ದ ಮೂಲ ಕಾರ್ಖಾನೆ ಮುಚ್ಚಿಹೋಯಿತು. 1955ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಎನ್‌ಫೀಲ್ಡ್ ಇಂಡಿಯಾ ಮಾತ್ರ ಅದೇ ಕಾಸ್ಟ್ ಐರನ್ ಎಂಜಿನ್ನನ್ನು ದಶಕಗಟ್ಟಲೆ ಮಾಡುತ್ತಲೇ ಬಂತು. ಅದಕ್ಕೇ ಬೆಂಗಳೂರಿನ ಜೆಸಿ ರೋಡಿನಲ್ಲಿ ಇವತ್ತಿಗೂ ಕೇಳಿದ ಸಾಮಾನು ಸಿಗುತ್ತದೆ, ಅಲ್ಲಿ ಸಿಗದೇ ಇದ್ದದ್ದು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತದೆ.

ಎಂಜಿನ್ ಕೆಲಸ ಮಾಡಿದ್ದು ಮಂಡಿ ಮೊಹಲ್ಲಾದ ಒಬ್ಬ ಹಿರಿಯ ಮೇಸ್ತ್ರಿ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿದರು, ಕನೆಕ್ಟಿಂಗ್ ರಾಡಿನ ಬುಷ್ ಹೊಸದು, ಗೇರ್‌ಬಾಕ್ಸಿಗೆ ಹಲ್ಲು ಕಡಿಮೆ ಇರುವ ಸ್ಪ್ರಾಕೆಟ್ (ಚೈನು ಎಳೆಯುವ ಹಲ್ಲಿನ ಚಕ್ರ). ಸೈಡ್‌ಕಾರ್ ಎಳೆಯಬೇಕಾದರೆ ಈ ಸ್ಪ್ರಾಕೆಟ್ ಬದಲಾವಣೆ ಆಗಲೇಬೇಕು. ಟಾಪ್ ಸ್ಪೀಡ್ ಹೋಗುತ್ತದೆ, ಹೋಗಲಿ.

ಸ್ಪಾರ್ಕ್ ಯಾವಾಗ ಹಾರಬೇಕು ಅಂತ ನಿರ್ಧರಿಸುವ ಪಾಯಿಂಟನ್ನು ಅವರು ಕೂರಿಸುವುದನ್ನು ನೋಡುತ್ತಾ ಕೂರುವುದೇ ನನಗೊಂದು ಸುಖವಾಗಿತ್ತು. ಸಿಗರೇಟ್ ಪ್ಯಾಕಿನ ಒಳಗಿನ ತೆಳು ಕಾಗದದ ಒಂದು ಚೂರು ಹರಿದು ಪಾಯಿಂಟಿನ ಎರಡು ತುದಿ ನಡುವೆ ಸಿಕ್ಕಿಸುತ್ತಾರೆ. ಸ್ಪಾರ್ಕ್ ಪ್ಲಗ್ ತೂತಿನಲ್ಲಿ ಇಳಿಬಿಟ್ಟ ಸೈಕಲ್ ಕಡ್ಡಿಯ ಮೇಲೆ ಒಂದು ಕಣ್ಣು. ಪಿಸ್ಟನ್ ಮೇಲಿನ ತುದಿ ಮುಟ್ಟಲು 0.8 ಮಿ.ಮೀ. ಉಳಿದಿರುವಾಗ ಕಾಗದ ಬಿಟ್ಟುಕೊಳ್ಳಬೇಕು. ಒಂದು ಕೈಯಲ್ಲಿ ಕಾಗದವನ್ನು ಮೆಲ್ಲಗೆ ಎಳೆಯುತ್ತಾ, ಇನ್ನೊಂದು ಕೈಯಲ್ಲಿ ಹಿಂದಿನ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗುತ್ತಾರೆ. ಕಾಗದ ಹರಿಯದೆ ಜಾರಿ ಬಂದರೆ ಟೈಮಿಂಗ್ ಸರಿ. ವಾಲ್ವಿನ ಸಂದು ಹೊಂದಿಸುವ ಟ್ಯಾಪೆಟ್ಟಿಗೂ ಅಷ್ಟೇ, ಸಂದು ಅಳೆಯುವ ಫೀಲರ್ ಗೇಜ್ ಮುಟ್ಟುವುದಿಲ್ಲ. ಎಂಜಿನ್ ತಣ್ಣಗಿರುವಾಗ ಪುಷ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಸರಳು) ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಮಾತ್ರ ಅಲ್ಲಾಡಬಾರದು. "ಬೆರಳಿಗೆ ಗೊತ್ತಾಗುತ್ತೆ ಸಾರ್, ಕಣ್ಣಿಗೆ ಗೊತ್ತಾಗಲ್ಲ" ಅಂದರು. ನನ್ನ ಬೆರಳಿಗೂ ಅದನ್ನು ಕಲಿಸಿಯೇ ಬಿಟ್ಟರು.

ಸೈಡ್‌ಕಾರ್ ತೊಟ್ಟಿಯ ತಗಡು ಬಡಿದು ನೆಟ್ಟಗೆ ಮಾಡಿದ್ದು ಟಿಂಕರಿಂಗಿನವರು. ತಳಕ್ಕೆ ಮೆರೈನ್ ಪ್ಲೈವುಡ್, ಸೀಟಿಗೆ ತೆಂಗಿನ ನಾರು, ಅದರ ಮೇಲೆ ಸ್ಪಂಜು. ಅಮ್ಮ ಬಂದು ಕೂತು ನೋಡಿ, ಬೆನ್ನಿಗೆ ಇನ್ನೂ ಸ್ವಲ್ಪ ಬೇಕು ಅಂದಳು, ಅದನ್ನೂ ಹಾಕಿಸಿದೆವು. ಹತ್ತಿ ಇಳಿಯಲಿಕ್ಕೆ ಒಂದು ಮೆಟ್ಟಿಲನ್ನು ವೆಲ್ಡ್ ಮಾಡಿಸಿದೆವು. ಹಳೆಯದರಲ್ಲಿ ಅದು ಇರಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಾರದು ಅನ್ನುವವರಿದ್ದಾರೆ. ನನ್ನ ಪ್ರಕಾರ ಕೂರುವವರ ಮಂಡಿ ಮುಖ್ಯ.

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಜೋಡಣೆ. ನಮ್ಮ ದೇಶದಲ್ಲಿ ಸೈಡ್‌ಕಾರ್ ಎಡಗಡೆ. ನಾಲ್ಕು ಕಡೆ ಕ್ಲಾಂಪ್ ಹಾಕಿ ಬಿಗಿಯುತ್ತಾರೆ, ಆದರೆ ಸುಮ್ನೆ ಬಿಗಿದರೆ ಗಾಡಿ ನೆಟ್ಟಗೆ ಹೋಗುವುದಿಲ್ಲ. ಸೈಡ್‌ಕಾರಿನ ಚಕ್ರ ಬೈಕಿನ ಹಿಂದಿನ ಚಕ್ರಕ್ಕಿಂತ ಒಂದಿಷ್ಟು ಮುಂದಿರಬೇಕು. ಮುಂದುಗಡೆ ಅದು ಬೈಕಿನ ಕಡೆಗೆ ಚೂರು ತಿರುಗಿರಬೇಕು, ನಮ್ಮದರಲ್ಲಿ 20 ಮಿ.ಮೀ. ಇಟ್ಟೆವು. ಬೈಕು ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿರಬೇಕು. ಯಾಕಂದ್ರೆ ನಮ್ಮ ರಸ್ತೆ ನಡುವೆ ಎತ್ತರ, ಅಂಚಿಗೆ ಇಳಿಜಾರು, ಗಾಡಿ ಯಾವಾಗಲೂ ಎಡಕ್ಕೆ ಎಳೆಯುತ್ತಿರುತ್ತದೆ. ಎರಡು ಉದ್ದ ಅಲ್ಯೂಮಿನಿಯಂ ಪಟ್ಟಿಗಳನ್ನು ಚಕ್ರಗಳಿಗೆ ಒತ್ತಿ ಹಿಡಿದು, ಟೇಪಿನಲ್ಲಿ ಅಳೆದು, ಸಡಿಲಿಸಿ, ಮತ್ತೆ ಅಳೆದು, ಅಮ್ಮನ ತೂಕದಷ್ಟು ಮರಳು ಮೂಟೆ ತೊಟ್ಟಿಯಲ್ಲಿಟ್ಟು ಇನ್ನೊಮ್ಮೆ ಅಳೆದೆವು. ಕೊನೆಗೆ ರಿಂಗ್ ರೋಡಿನಲ್ಲಿ 40ರಲ್ಲಿ ಹೋಗುವಾಗ ಹ್ಯಾಂಡಲ್ ಮೇಲೆ ಎರಡು ಬೆರಳಿಟ್ಟರೂ ಸಾಕಾಯಿತು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ಬಂದಿದೆ, ನಂಬರಿನಲ್ಲಿ 'ವಿಎ' ಅಂತ ಇರುತ್ತದೆ. ಆದರೆ ಹಾಗೆ ನೋಂದಾಯಿಸಿದರೆ ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗಿಳಿಸಬಹುದು, ದಿನಬಳಕೆಗೆ ಇಲ್ಲ. ನನಗೆ ಅಮ್ಮನನ್ನು ಕೂರಿಸಿಕೊಂಡು ಊರು ಸುತ್ತುವುದಿತ್ತು. ಹಾಗಾಗಿ ಮಾಮೂಲಿ ನೋಂದಣಿಯನ್ನೇ ನವೀಕರಿಸಿದೆ.

ಓಡಿಸುವುದು ಬೇರೆಯೇ ವಿದ್ಯೆ. ತಿರುವಿನಲ್ಲಿ ಬೈಕು ವಾಲುವುದಿಲ್ಲ. ತಿರುಗಬೇಕಾದ ಕಡೆಗೆ ಹ್ಯಾಂಡಲನ್ನು ತೋಳಿನ ಬಲದಿಂದ ತಿರುಗಿಸಬೇಕು. ಆಕ್ಸಿಲರೇಟರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಿಡಿದರೆ ಬಲಕ್ಕೆ, ಅಂದರೆ ಎದುರಿನ ಗಾಡಿಗಳ ಕಡೆಗೆ. ಎಡ ತಿರುವಿನಲ್ಲಿ ಜೋರಾಗಿ ಹೋದರೆ ಸೈಡ್‌ಕಾರ್ ಚಕ್ರ ನೆಲ ಬಿಟ್ಟು ಏಳುತ್ತದೆ. ಖಾಲಿ ಇದ್ದಾಗಲಂತೂ ಅದು ಬಹಳ ಬೇಗ ಏಳುತ್ತದೆ, ಅದಕ್ಕೇ ಒಬ್ಬರೇ ಹೋಗುವಾಗ ಮರಳು ಮೂಟೆ ಇಟ್ಟುಕೊಳ್ಳಲೇಬೇಕು. ಇದರ ಮೇಲೆ ಹಳೇ ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಖಾಲಿ ಮೈದಾನದಲ್ಲಿ ಕಲಿಯದೆ ಯಾರೂ ಇದನ್ನು ನೇರ ರಸ್ತೆಗೆ ತರಬಾರದು. ಅದೂ ಪಕ್ಕದಲ್ಲಿ ಮನೆಯವರನ್ನು ಕೂರಿಸಿಕೊಂಡಂತೂ ಬೇಡವೇ ಬೇಡ.

ಡಿಸೆಂಬರಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಅಮ್ಮನಿಗೆ ಸ್ವೆಟರ್, ತಲೆಗೆ ಮಫ್ಲರ್, ಅದರ ಮೇಲೆ ಹೆಲ್ಮೆಟ್, ಕಾಲ ಮೇಲೆ ಕಂಬಳಿ. ಕಾಲ ಬುಡದಲ್ಲಿ ಚಕ್ಕುಲಿ ಡಬ್ಬ, ನೀರು, ಒಂದು ಸ್ಪಾನರ್ ಚೀಲ. ಇಲವಾಲ, ಬಿಳಿಕೆರೆ ದಾಟುವವರೆಗೂ ಅವಳು ತೊಟ್ಟಿಯ ಅಂಚು ಬಿಗಿಯಾಗಿ ಹಿಡಿದಿದ್ದಳು. ಆಮೇಲೆ ಕೈ ಬಿಟ್ಟು ಸೆರಗು ಸರಿ ಮಾಡಿಕೊಂಡು ಮಾತು ಶುರು ಮಾಡಿದಳು. 45ರಲ್ಲಿ ಹೋಗುತ್ತಿದ್ದರೆ ಸ್ವಲ್ಪ ದನಿ ಎತ್ತಿ ಮಾತಾಡಿಕೊಂಡು ಹೋಗಬಹುದು. ಬೈಕಿನ ಹಿಂದೆ ಕೂತವರ ಜೊತೆ ಇದು ಸಾಧ್ಯವೇ ಇಲ್ಲ. ಹುಣಸೂರಿನಲ್ಲಿ ಇಡ್ಲಿ ತಿಂದು, ಲಕ್ಷ್ಮಣತೀರ್ಥ ದಾಟಿ ಮುಂದೆ ಹೋದರೆ ಎರಡೂ ಕಡೆ ತಂಬಾಕು ಸೀಮೆ, ಹೊಲದ ನಡುವೆ ಎಲೆ ಬೇಯಿಸುವ ಎತ್ತರದ ಬ್ಯಾರನ್ನುಗಳು. ಕಂಪಲಾಪುರದ ಹರಾಜು ಮಾರುಕಟ್ಟೆ ಕಡೆಗೆ ಬೇಲು ತುಂಬಿದ ಗಾಡಿಗಳು ಸಾಲಾಗಿ ಹೋಗುತ್ತಿದ್ದವು. ಆ ಒಣ ಎಲೆಯ ವಾಸನೆ ಹೆಲ್ಮೆಟ್ ಒಳಗೂ ಬಂತು.

ಪಿರಿಯಾಪಟ್ಟಣ ಹತ್ತಿರವಾಗುವಾಗ ಗಾಡಿ ಎಡಕ್ಕೆ ಜಾಸ್ತಿ ಎಳೆಯತೊಡಗಿತು. ನಿಲ್ಲಿಸಿ ನೋಡಿದರೆ ಮುಂದಿನ ಕೆಳಗಿನ ಕ್ಲಾಂಪಿನ ನಟ್ಟು ಸಡಿಲ. ಒಂಟಿ ಸಿಲಿಂಡರಿನ ಅದುರಾಟಕ್ಕೆ ಇದು ಆಗುವಂಥದ್ದೇ. ಪಕ್ಕದಲ್ಲೇ ಟ್ರ್ಯಾಕ್ಟರ್ ರಿಪೇರಿ ಶೆಡ್ ಇತ್ತು. ಅಲ್ಲಿದ್ದ ಹುಡುಗ ಹೊಸ ಸ್ಪ್ರಿಂಗ್ ವಾಷರ್ ಹಾಕಿ, ನಟ್ಟಿನ ಮೇಲೆ ಇನ್ನೊಂದು ನಟ್ಟು ಬಿಗಿದು, ಕೊನೆಗೆ ಬಿಳಿ ಪೇಂಟಿನಲ್ಲಿ ಎರಡಕ್ಕೂ ಸೇರಿಸಿ ಒಂದು ಗೆರೆ ಎಳೆದ. "ಗೆರೆ ಬೇರೆ ಆದ್ರೆ ಸಡಿಲ ಆಗಿದೆ ಅಂತ, ಬಗ್ಗಿ ನೋಡಿದ್ರೆ ಸಾಕು ಅಣ್ಣ." ದುಡ್ಡು ಬೇಡ ಅಂದ. ಅಮ್ಮ ಬಿಡಲಿಲ್ಲ, ಚಕ್ಕುಲಿ ಡಬ್ಬ ತೆಗೆದಳು. ಆ ಗೆರೆಯನ್ನು ಮಿಕ್ಕ ಮೂರು ಕ್ಲಾಂಪಿಗೂ ಎಳೆಸಿಕೊಂಡೆ. ಸೈಡ್‌ಕಾರ್ ಇಟ್ಟುಕೊಂಡವರೆಲ್ಲ ಮಾಡಿಕೊಳ್ಳಬೇಕಾದ ಕೆಲಸ ಇದು.

ಬೈಲುಕುಪ್ಪೆಯಲ್ಲಿ ಟಿಬೆಟನ್ ಭಿಕ್ಷುಗಳು ನಿಂತು ಕೈ ಬೀಸಿದರು. ಮುಂದೆ ಸೇತುವೆ ಮೇಲೆ ಕಾವೇರಿ ದಾಟಿದರೆ ಕುಶಾಲನಗರ, ಅಲ್ಲಿಂದಲೇ ಕೊಡಗು. ಅಲ್ಲಿ ರಸ್ತೆ ಬದಿ ಕಿತ್ತಳೆ ಮಾರುತ್ತಿದ್ದ ಅಜ್ಜಿಯೊಬ್ಬರು ಹಣ್ಣು ತೂಗುವುದು ಬಿಟ್ಟು ಸೈಡ್‌ಕಾರ್ ಸುತ್ತ ಒಂದು ಸುತ್ತು ಬಂದರು. "ಕೂರಕ್ಕೆ ಹೆಂಗದವ್ವ?" ಅಂತ ಅಮ್ಮನನ್ನು ಕೇಳಿದರು. "ಬನ್ನಿ, ನೀವೇ ಕೂತು ನೋಡಿ" ಅಂತ ಅಮ್ಮ ಇಳಿದೇ ಬಿಟ್ಟಳು. ಇಬ್ಬರಿಗೂ ಸುಮಾರು ಒಂದೇ ವಯಸ್ಸು, ಇಬ್ಬರಿಗೂ ಮಂಡಿ ನೋವು. ಅಮ್ಮ ಮೆಟ್ಟಿಲು ತೋರಿಸಿ, ಮೊದಲು ಯಾವ ಕಾಲು, ಎಲ್ಲಿ ಕೈ ಅಂತ ಹೇಳಿಕೊಟ್ಟಳು. ನಾನು ಆ ಅಜ್ಜಿಯನ್ನು ಬಸ್ ಸ್ಟ್ಯಾಂಡಿನವರೆಗೆ ಒಂದು ಸುತ್ತು ಕರೆದುಕೊಂಡು ಹೋಗಿ ಬಂದೆ. ಅಷ್ಟು ಹೊತ್ತು ಬುಟ್ಟಿ ಕಾಯ್ದದ್ದು ಅಮ್ಮ. ಎರಡು ಡಜನ್ ಮಾರಿಯೂ ಇದ್ದಳು.

ಸುಂಟಿಕೊಪ್ಪದಿಂದ ಮಡಿಕೇರಿಗೆ ಏರು ಶುರು. ಇಲ್ಲಿ ಬುಲೆಟ್ ತನ್ನ ಗುಣ ತೋರಿಸಿತು. ಮೂರನೇ ಗೇರು, ಕೆಲವು ಕಡೆ ಎರಡು, ಒಂದೇ ತಾಳದಲ್ಲಿ ಏರುತ್ತಾ ಹೋಯಿತು. ಎಡ ತಿರುವು ಬಂದಾಗ ನಾನು ಮೈಯನ್ನು ತೊಟ್ಟಿಯ ಕಡೆ ಬಾಗಿಸುತ್ತಿದ್ದೆ. ಅಮ್ಮ ಅದನ್ನು ಗಮನಿಸಿ ತಾನೂ ಎಡಕ್ಕೆ ಬಾಗಲು ಶುರು ಮಾಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮಡಿಕೇರಿ ಮುಟ್ಟುವವರೆಗೂ ಹೊಟ್ಟೆ ತೊಳಸುವ ಮಾತೇ ಬರಲಿಲ್ಲ.

ರಾತ್ರಿ ಮಡಿಕೇರಿಯಲ್ಲಿ ನೆಂಟರ ಮನೆಯಲ್ಲಿದ್ದು ಬೆಳಿಗ್ಗೆ ಹೊರಟರೆ ಮಂಜು. ಇದರ ಕರೆಂಟೆಲ್ಲ 6 ವೋಲ್ಟಿನದು, ಹೆಡ್‌ಲೈಟು ಮಂಜಿನಲ್ಲಿ ಹತ್ತು ಮಾರು ದೂರವೂ ಕಾಣಿಸುವುದಿಲ್ಲ. ಬಿಸಿಲು ಏರುವವರೆಗೆ ಕಾದೆವು. ಬೆಟ್ಟಗೇರಿ, ಚೇರಂಬಾಣೆ ದಾರಿಯಲ್ಲಿ ತೋಟಗಳಲ್ಲಿ ಕಾಫಿ ಕೊಯ್ಲು, ಕಣದಲ್ಲಿ ಹರಡಿದ ಕೆಂಪು ಹಣ್ಣು. ಭಾಗಮಂಡಲದಲ್ಲಿ ಸಂಗಮಕ್ಕೆ ಇಳಿದು ಕಾಲು ತೊಳೆದುಕೊಂಡೆವು. ಕಾವೇರಿಗೆ ಕನ್ನಿಕೆ ಬಂದು ಸೇರುವ ಜಾಗ, ಮೂರನೆಯ ಸುಜ್ಯೋತಿ ಕಣ್ಣಿಗೆ ಕಾಣದ್ದು ಅಂತ ನಂಬಿಕೆ.

ಅಲ್ಲಿಂದ ತಲಕಾವೇರಿಗೆ 8 ಕಿಲೋಮೀಟರ್, ಇಡೀ ಪ್ರಯಾಣದಲ್ಲೇ ಕಷ್ಟದ ದಾರಿ. ಕಡಿದಾದ ಏರು, ಒಂದರ ಹಿಂದೆ ಒಂದು ತಿರುವು. ಒಂದು, ಎರಡನೇ ಗೇರಿನಲ್ಲೇ ಹೋದೆವು, ನಡುವೆ ಎಂಜಿನ್ ತಣಿಯಲು ಒಮ್ಮೆ ನಿಲ್ಲಿಸಿದೆ. 2020ರ ಆಗಸ್ಟಿನ ಮಳೆಗೆ ಇಲ್ಲೇ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆ, ಮನೆಯವರ ಸಮೇತ ಮಣ್ಣಾಗಿತ್ತು. ಅಮ್ಮ ಸುಮ್ಮನೆ ಬೆಟ್ಟದ ಕಡೆ ಕೈ ಮುಗಿದಳು.

ತಲಕಾವೇರಿ 1276 ಮೀಟರ್ ಎತ್ತರದಲ್ಲಿದೆ. ಗಾಡಿ ನಿಲ್ಲಿಸಿದ ಜಾಗದಿಂದ ಮೆಟ್ಟಿಲು ಹತ್ತುವಾಗ ಅಮ್ಮ ನನ್ನ ಭುಜ ಹಿಡಿದಿದ್ದಳು, ನಾಲ್ಕು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದಳು. ಕುಂಡಿಕೆಯ ಮುಂದೆ ಬಹಳ ಹೊತ್ತು ಕೂತಳು. ಬ್ರಹ್ಮಗಿರಿ ಹತ್ತುವ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನಿನ ಹಿಡಿತದ ಮೇಲೇ ಇಳಿದೆ. ಆದರೂ ಭಾಗಮಂಡಲ ತಲುಪುವಷ್ಟರಲ್ಲಿ ಬ್ರೇಕಿನ ಡ್ರಮ್ಮುಗಳು ಕೈ ಮುಟ್ಟಲಾಗದಷ್ಟು ಬಿಸಿ. ಸೈಡ್‌ಕಾರ್ ಚಕ್ರಕ್ಕೆ ಬ್ರೇಕೇ ಇಲ್ಲ. ಅಷ್ಟೂ ಭಾರವನ್ನು ಬೈಕಿನ ಎರಡು ಡ್ರಮ್ಮುಗಳೇ ಹಿಡಿಯಬೇಕು, ಹಿಡಿದಾಗಲೆಲ್ಲ ಗಾಡಿ ಬಲಕ್ಕೆ ತಿರುಗಲು ನೋಡುತ್ತದೆ. ಮೇಸ್ತ್ರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸೈಡ್‌ಕಾರ್ ಚಕ್ರಕ್ಕೂ ಬುಲೆಟ್ಟಿನದೇ ಬ್ರೇಕ್ ಇರುವ ಹಬ್ (ಚಕ್ರದ ನಡುಭಾಗ) ಹಾಕಿ, ಹಿಂದಿನ ಬ್ರೇಕ್ ಪೆಡಲಿಗೆ ಸೇರಿಸಿ ಒಂದು ಕೇಬಲ್ ಎಳೆದರೆ ಆಗುತ್ತೆ ಸಾರ್, ಲೇತಿನ ಕೆಲಸ ಸ್ವಲ್ಪ ಇದೆ ಅಂದರು. ಶಿವರಾತ್ರಿಗೆ ಅಮ್ಮನಿಗೆ ನಂಜನಗೂಡಿಗೆ ಹೋಗಬೇಕಂತೆ, ಅಷ್ಟರೊಳಗೆ ಅದನ್ನು ಮುಗಿಸಬೇಕು.